ಕೋಲ್ಟ್ರೇನ್ ಕ್ವಾರ್ಟೆಟ್, 1963ರ ಟಿವಿ ಸ್ಟುಡಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದವರಿಗೆ ಕಾಫಿ ಕೊಟ್ಟ ಮೇಲೆ ಅಮೆರಿಕದ ಜಾಝ್ ವಾದಕ ಜಾನ್ ಕೋಲ್ಟ್ರೇನ್ ಅವರ ಕ್ವಾರ್ಟೆಟ್, ಅಂದರೆ ನಾಲ್ವರ ತಂಡ, ನುಡಿಸುವ ಈ ಅರ್ಧ ಗಂಟೆಯ ವಿಡಿಯೋ ಹಾಕುವುದು ನನ್ನ ಅಭ್ಯಾಸ. ಕೆಲವರು ಅಲ್ಲೇ ಪ್ರಶ್ನೆ ಕೇಳುತ್ತಾರೆ. ಕೆಲವರು ವಾರ ಬಿಟ್ಟು ಫೋನ್ ಮಾಡಿ ಕೇಳುತ್ತಾರೆ, ಅದು ನನಗೆ ಇನ್ನೂ ಖುಷಿ. ವರ್ಷಗಳಿಂದ ಸುತ್ತಿ ಸುತ್ತಿ ಬರುತ್ತಿರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಏನೂ ಗೊತ್ತಿಲ್ಲದವರು ಮೇಲಿನಿಂದ ಓದಿ. ಸಂಗೀತ ಕಲಿತವರು ಬೇಕಾದರೆ ನೇರವಾಗಿ ಮೂರನೇ ಭಾಗಕ್ಕೆ ಹೋಗಿ.

## ಮೊದಲ ಸಲ ನೋಡುವವರು ಕೇಳುವುದು

ಇದು ಯಾವ ಕಾರ್ಯಕ್ರಮ? ಎಷ್ಟು ಹಳೇದು?

ಸ್ಯಾನ್ ಫ್ರಾನ್ಸಿಸ್ಕೊದ ಕೆಕ್ಯೂಇಡಿ ಅನ್ನುವ ಟಿವಿ ಕೇಂದ್ರ 'ಜಾಝ್ ಕ್ಯಾಶುಯಲ್' ಅಂತ ಒಂದು ಸರಣಿ ಮಾಡುತ್ತಿತ್ತು. ಅದರ ಒಂದು ಕಂತು ಇದು. ಸ್ಟುಡಿಯೋದಲ್ಲಿ ನುಡಿಸಿದ್ದು 1963ರ ಡಿಸೆಂಬರ್ 7ರಂದು, ಪ್ರಸಾರ ಆದದ್ದು 1964ರಲ್ಲಿ. ಕಪ್ಪು ಬಿಳುಪು ಚಿತ್ರ, ಅರ್ಧ ಗಂಟೆ, ಮೂರೇ ಮೂರು ಹಾಡು: 'ಆಫ್ರೋ ಬ್ಲೂ', 'ಅಲಬಾಮಾ', 'ಇಂಪ್ರೆಷನ್ಸ್'.

ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು ರಾಲ್ಫ್ ಗ್ಲೀಸನ್. 'ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್' ಪತ್ರಿಕೆಯಲ್ಲಿ ಜಾಝ್ ಬಗ್ಗೆ ಬರೆಯುತ್ತಿದ್ದವರು. ಮುಂದೆ 1967ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಶುರು ಮಾಡಿದ ಇಬ್ಬರಲ್ಲಿ ಅವರೂ ಒಬ್ಬರು. ಕೆಕ್ಯೂಇಡಿ ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಕೇಂದ್ರವಲ್ಲ. ನಡುವೆ ಸೋಪು, ಸಿಗರೇಟಿನ ಜಾಹೀರಾತಿಗೆ ಹಾಡು ನಿಲ್ಲಿಸಬೇಕಾದ ಕಾಟ ಇರಲಿಲ್ಲ. ಹಾಗಾಗಿಯೇ ಉದ್ದುದ್ದ ನುಡಿಸುವ ಈ ತಂಡಕ್ಕೆ ಇಷ್ಟು ಜಾಗ ಸಿಕ್ಕಿತು.

ಈ ನಾಲ್ಕು ಜನ ಯಾರು? ಯಾರು ಏನು ನುಡಿಸ್ತಾರೆ?

ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್. ಪಿಯಾನೋ ಮೆಕಾಯ್ ಟೈನರ್. ನಿಂತುಕೊಂಡು ನುಡಿಸುವ ದೊಡ್ಡ ಬಾಸ್ ಜಿಮ್ಮಿ ಗ್ಯಾರಿಸನ್. ಡ್ರಮ್ಸ್ ಎಲ್ವಿನ್ ಜೋನ್ಸ್. ಕೋಲ್ಟ್ರೇನ್‌ಗೆ ಆಗ 37 ವರ್ಷ, ಜೋನ್ಸ್‌ಗೆ 36, ಗ್ಯಾರಿಸನ್‌ಗೆ 29. ಟೈನರ್‌ಗೆ 25 ತುಂಬಲು ಇನ್ನೂ ನಾಲ್ಕು ದಿನ ಬಾಕಿ ಇತ್ತು. ಆ ಗಂಭೀರ ಮುಖ ನೋಡಿದರೆ ಅಷ್ಟು ಚಿಕ್ಕ ಹುಡುಗ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಅಲ್ವಾ?

ಕೋಲ್ಟ್ರೇನ್ ಜೊತೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ನುಡಿಸಿದ್ದಾರೆ. ಆದರೆ 1962ರಿಂದ 1965ರ ಕೊನೆಯವರೆಗೆ ಜೊತೆಗಿದ್ದ ಈ ನಾಲ್ವರನ್ನೇ ಕೇಳುಗರು 'ಕ್ಲಾಸಿಕ್ ಕ್ವಾರ್ಟೆಟ್' ಅಂತ ಕರೆಯುತ್ತಾರೆ. ಬರೀ 'ಆ ಕ್ವಾರ್ಟೆಟ್' ಅಂದರೂ ಜಾಝ್ ಬಲ್ಲವರಿಗೆ ಗೊತ್ತಾಗುತ್ತದೆ.

ನಂಗೆ ಜಾಝ್ ಗಂಧಗಾಳಿನೂ ಗೊತ್ತಿಲ್ಲ. ನೋಡಿದ್ರೆ ಏನಾದ್ರೂ ಅರ್ಥ ಆಗುತ್ತಾ?

ಆಗುತ್ತದೆ. ಬರೀ ಕೇಳುವುದಕ್ಕಿಂತ ನೋಡಿದರೆ ಬೇಗ ಆಗುತ್ತದೆ. ಅದಕ್ಕೇ ನಾನು ಯಾರಿಗೂ ಮೊದಲು ಸಿಡಿ ಕೊಡುವುದಿಲ್ಲ, ಈ ವಿಡಿಯೋ ತೋರಿಸುತ್ತೇನೆ.

ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಹಾಡುವವರು ಒಂದು ಹೊಸ ಸಂಗತಿ ಹಾಕಿದಾಗ ಪಿಟೀಲಿನವರು ತಲೆ ಎತ್ತಿ ನೋಡುತ್ತಾರಲ್ಲ, ಮೃದಂಗದವರ ಮುಖದಲ್ಲಿ ಒಂದು ನಗು ಹಾದುಹೋಗುತ್ತದಲ್ಲ, ಅದನ್ನೇ ಇಲ್ಲೂ ನೋಡಿ. ನುಡಿಸುವವರ ಕೈಗಿಂತ ಕೇಳುವವರ ಮುಖ ನೋಡಿ. ಈ ನಾಲ್ವರು ಎದುರಿಗೆ ಹಾಳೆ ಇಟ್ಟುಕೊಂಡು ನುಡಿಸುತ್ತಿಲ್ಲ. ಮುಂದಿನ ನಿಮಿಷ ಏನಾಗುತ್ತದೆ ಅನ್ನುವುದು ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ತೀರ್ಮಾನ ಆಗುತ್ತದೆ. ಆ ಕೇಳಿಸಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಈ ವಿಡಿಯೋದ ದೊಡ್ಡ ಬೆಲೆ ಇದೇ.

ಯಾರೂ ಮಾತೇ ಆಡಲ್ಲ, ಚಪ್ಪಾಳೆನೂ ಇಲ್ಲ. ಸಿಟ್ಟಲ್ಲಿದ್ದಾರಾ?

ಇಲ್ಲ, ಇಲ್ಲ. ಚಪ್ಪಾಳೆ ಇಲ್ಲದಿರುವುದು ಸ್ಟುಡಿಯೋದಲ್ಲಿ ಪ್ರೇಕ್ಷಕರೇ ಇಲ್ಲದ ಕಾರಣ. ಕ್ಯಾಮೆರಾದವರು, ಗ್ಲೀಸನ್, ಈ ನಾಲ್ವರು, ಅಷ್ಟೇ. ಬೇರೆ ಕಂತುಗಳಲ್ಲಿ ಗ್ಲೀಸನ್ ಕಲಾವಿದರನ್ನು ಪಕ್ಕಕ್ಕೆ ಕರೆದು ಹರಟೆ ಹೊಡೆಯುತ್ತಾರೆ. ಇದರಲ್ಲಿ ಪರಿಚಯದ ಮಾತು ಅವರೊಬ್ಬರೇ ಆಡುತ್ತಾರೆ. ಕೋಲ್ಟ್ರೇನ್ ಬಾಯಿ ತೆರೆಯುವುದಿಲ್ಲ.

ಅವರು ಮೊದಲೇ ಮಾತು ಕಡಿಮೆಯ ಮನುಷ್ಯ. ಸಂದರ್ಶನಗಳಲ್ಲಿ ಕೂಡ ಮೆತ್ತಗೆ, ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿದ್ದರು. ನುಡಿಸುವಾಗ ಕಣ್ಣು ಮುಚ್ಚಿರುತ್ತದೆ, ಹುಬ್ಬು ಗಂಟಾಗಿರುತ್ತದೆ. ಅದು ಸಿಟ್ಟಲ್ಲ, ಗಮನ. ಚಪ್ಪಾಳೆ ಇಲ್ಲದ್ದು ನನಗಂತೂ ಒಳ್ಳೆಯದೇ ಆಯಿತು ಅನಿಸುತ್ತದೆ. ಅದರಲ್ಲೂ ಎರಡನೇ ಹಾಡು ಮುಗಿದ ಮೇಲಿನ ಮೌನಕ್ಕೆ ಯಾವ ಚಪ್ಪಾಳೆಯೂ ಹೊಂದುತ್ತಿರಲಿಲ್ಲ.

ಎಲ್ಲಿ ಸಿಗುತ್ತೆ?

ಡಿವಿಡಿ ಬಂದಿದೆ. ಯೂಟ್ಯೂಬ್‌ನಲ್ಲಿ 'ಕೋಲ್ಟ್ರೇನ್ ಜಾಝ್ ಕ್ಯಾಶುಯಲ್' ಅಂತ ಹುಡುಕಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಬಾಸ್ ಪೂರ್ತಿ ಮಾಯ ಆಗಿಬಿಡುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ.

## ಮೂರು ಹಾಡುಗಳ ಬಗ್ಗೆ

ಮೊದಲ ಹಾಡಲ್ಲಿ ಓಲಗದ ಥರ ಕೇಳಿಸೋ ವಾದ್ಯ ಯಾವುದು? ಕ್ಲಾರಿನೆಟ್ಟಾ?

ಅದೂ ಸ್ಯಾಕ್ಸೊಫೋನೇ. ಸೊಪ್ರಾನೊ ಅಂತ, ನೆಟ್ಟಗಿರುತ್ತದೆ. ನಾವು ಸಾಮಾನ್ಯವಾಗಿ ನೋಡುವ ಸೊಂಡಿಲಿನ ಹಾಗೆ ಬಾಗಿದ ಸ್ಯಾಕ್ಸೊಫೋನ್ ಮುಂದಿನ ಎರಡು ಹಾಡಿನಲ್ಲಿ ಬರುತ್ತದೆ. ಅದು ಟೆನರ್, ಸ್ವರ ಇನ್ನೂ ಕೆಳಗೆ. ಸೊಪ್ರಾನೊವನ್ನು ಆ ಕಾಲದ ಜಾಝ್‌ನಲ್ಲಿ ಹೆಚ್ಚು ಜನ ಕೈಗೆತ್ತಿಕೊಳ್ಳುತ್ತಿರಲಿಲ್ಲ. 1960ರಲ್ಲಿ ಕೋಲ್ಟ್ರೇನ್ ಅದರಲ್ಲಿ 'ಮೈ ಫೇವರಿಟ್ ಥಿಂಗ್ಸ್' ನುಡಿಸಿ ರೆಕಾರ್ಡ್ ಮಾಡಿದ ಮೇಲೆ ಕತೆಯೇ ಬದಲಾಯಿತು. ಓಲಗ ನೆನಪಾದರೆ ತಪ್ಪೇನಿಲ್ಲ. ಆ ಮೂಗಿನ ದನಿಯಂಥ ಚೂಪು, ಬಯಲಲ್ಲಿ ದೂರದವರೆಗೂ ಕೇಳುವ ಗುಣ ಎರಡರಲ್ಲೂ ಇದೆ.

'ಆಫ್ರೋ ಬ್ಲೂ' ಮಾಡಿದವರು ಮೊಂಗೊ ಸಾಂಟಾಮರಿಯಾ. ಕ್ಯೂಬಾದಲ್ಲಿ ಹುಟ್ಟಿದವರು, ಕೈಯಲ್ಲಿ ಬಾರಿಸುವ ಕಾಂಗಾ ಅನ್ನುವ ಉದ್ದ ಡೋಲಿನ ವಾದಕ. ಮೂರರ ನಡೆಯನ್ನೂ ಎರಡರ ನಡೆಯನ್ನೂ ಒಟ್ಟಿಗೆ ಹೆಣೆಯುವ ಆಫ್ರಿಕಾ ಮೂಲದ ಲಯ ಅದರ ಬುಡ. ಕೋಲ್ಟ್ರೇನ್ ತಂಡ ಅದನ್ನು ಜೋರು ಮೂರರಲ್ಲಿ ಓಡಿಸುತ್ತದೆ.

'ಅಲಬಾಮಾ' ಕೇಳಿದ್ರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಅದರ ಹಿಂದೆ ಏನೋ ಇದೆ ಅಲ್ವಾ?

ಇದೆ. ಹೇಳುತ್ತೇನೆ.

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್ ಇದೆ. ಕಪ್ಪು ಜನರ ಚರ್ಚ್. ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದವರು ಸೇರುತ್ತಿದ್ದ ಜಾಗ. 1963ರ ಸೆಪ್ಟೆಂಬರ್ 15, ಭಾನುವಾರ. ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘ ಕು ಕ್ಲಕ್ಸ್ ಕ್ಲಾನ್‌ನವರು ಅಲ್ಲಿನ ಮೆಟ್ಟಿಲ ಕೆಳಗೆ ಡೈನಮೈಟ್ ಇಟ್ಟಿದ್ದರು. ಬೆಳಿಗ್ಗೆ 10:22ಕ್ಕೆ ಅದು ಸಿಡಿಯಿತು. ಪ್ರಾರ್ಥನೆಗೆ ಅಣಿಯಾಗುತ್ತಿದ್ದ ನಾಲ್ಕು ಹುಡುಗಿಯರು ನೆಲಮಾಳಿಗೆಯ ಕೋಣೆಯಲ್ಲಿ ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ತಪ್ಪಿತಸ್ಥರಲ್ಲಿ ಮೊದಲನೆಯವನಿಗೆ ಈ ಕೊಲೆಗಾಗಿ ಶಿಕ್ಷೆ ಆದದ್ದು 1977ರಲ್ಲಿ. ಉಳಿದಿಬ್ಬರಿಗೆ 2001 ಮತ್ತು 2002ರಲ್ಲಿ.

ಕೋಲ್ಟ್ರೇನ್ ಈ ಹಾಡನ್ನು ರೆಕಾರ್ಡ್ ಮಾಡಿದ್ದು ಅದೇ ವರ್ಷ ನವೆಂಬರ್ 18ರಂದು, ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ನಾಲ್ಕು ದಿನ ಬಿಟ್ಟು ಅಧ್ಯಕ್ಷ ಕೆನಡಿ ಕೊಲೆಯಾದರು. ಅದಾಗಿ ಎರಡು ವಾರ ಕಳೆದ ಮೇಲೆ ಈ ಟಿವಿ ಸ್ಟುಡಿಯೋ. ಚರ್ಚಿನಲ್ಲಿ ಬಾಂಬ್ ಸಿಡಿದು ಮೂರು ತಿಂಗಳೂ ತುಂಬಿರಲಿಲ್ಲ. ವಿಡಿಯೋದಲ್ಲಿ ನುಡಿಸುತ್ತಿರುವ ನಾಲ್ವರ ಮುಖ ನೋಡುವಾಗ ಈ ದಿನಾಂಕಗಳು ನೆನಪಿರಲಿ.

ಹಾಡಿಗೆ ಸಾಹಿತ್ಯ ಇಲ್ಲ. ಹೆಸರೊಂದೇ ಎಲ್ಲ ಹೇಳಬೇಕು. ಶುರುವಿನಲ್ಲಿ ತಾಳವೂ ಇಲ್ಲ. ಟೈನರ್ ಪಿಯಾನೋದ ಕೆಳಗಿನ ಸ್ವರಗಳನ್ನು ಒಂದೇ ಸಮನೆ ಗುಂಯ್‌ಗುಡಿಸುತ್ತಾರೆ. ಅದರ ಮೇಲೆ ಕೋಲ್ಟ್ರೇನ್ ಒಂದೊಂದೇ ಸಾಲು ಹೇಳುತ್ತಾರೆ, ನಿಲ್ಲಿಸುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ, ಮತ್ತೆ ಹೇಳುತ್ತಾರೆ. ಸಾವಿನ ಮನೆಯಲ್ಲಿ ಹಿರಿಯರೊಬ್ಬರು ಮಾತಾಡಲು ಎದ್ದು ನಿಂತ ಹಾಗೆ ಇರುತ್ತದೆ. ಅಲಂಕಾರ ಏನೇನೂ ಇಲ್ಲ. ಸೆಕೆಂಡಿಗೆ ಹತ್ತು ಸ್ವರ ಉರುಳಿಸಬಲ್ಲ ಮನುಷ್ಯ ಇಲ್ಲಿ ಒಂದು ಸ್ವರ ಹಿಡಿದು ನಿಂತುಬಿಡುತ್ತಾರೆ. ನಡುವೆ ತಾಳ ಬರುತ್ತದೆ, ಹಾಡು ಸ್ವಲ್ಪ ನಡೆಯುತ್ತದೆ, ಮತ್ತೆ ಅದೇ ಮೊದಲ ಸಾಲುಗಳಿಗೆ ವಾಪಸ್. ಈ ಸಲ ಎಲ್ವಿನ್ ಜೋನ್ಸ್ ಕೆಳಗಿನಿಂದ ಗುಡುಗುತ್ತಿರುತ್ತಾರೆ. ಮೊದಲ ಸಲ ದುಃಖವಾಗಿ ಕೇಳಿಸಿದ ಸಾಲೇ ಈಗ ಬೇರೆ ಥರ ಕೇಳಿಸುತ್ತದೆ. ಒಂದು ಸ್ವರವೂ ಬದಲಾಗದೆ ಸಂಕಟ ಕೋಪವಾಗಿದೆ.

ನಮ್ಮ ಮನೆಯಲ್ಲಿ ಇದು ಮುಗಿದಾಗ ಯಾರೂ ಬಟ್ಟಲು ಎತ್ತುವುದಿಲ್ಲ. ಕಾಫಿ ಆರಿಹೋಗುತ್ತದೆ.

ಅದು ಮಾರ್ಟಿನ್ ಲೂಥರ್ ಕಿಂಗ್ ಭಾಷಣವನ್ನೇ ಸ್ಯಾಕ್ಸೊಫೋನಲ್ಲಿ ನುಡಿಸಿದ್ದಂತೆ, ನಿಜಾನಾ?

ಈ ಮಾತು ತುಂಬಾ ಓಡಾಡಿದೆ. ಸೆಪ್ಟೆಂಬರ್ 18ರಂದು ಮೂವರು ಹುಡುಗಿಯರ ಅಂತ್ಯಸಂಸ್ಕಾರದಲ್ಲಿ ಕಿಂಗ್ ಮಾತಾಡಿದ್ದರು, ಆ ಮಾತಿನ ಏರಿಳಿತವನ್ನೇ ಕೋಲ್ಟ್ರೇನ್ ಸ್ವರಕ್ಕೆ ಇಳಿಸಿದರು ಅನ್ನುತ್ತಾರೆ. ಪದಕ್ಕೆ ಪದ ಹೊಂದಿಸುವ ಆ ವಾದವನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಕಪ್ಪು ಜನರ ಚರ್ಚಿನ ಪ್ರವಚನದ ಧಾಟಿ ಅದರಲ್ಲಿದೆ, ಅದು ಮಾತ್ರ ಕಿವಿಗೇ ಗೊತ್ತಾಗುತ್ತದೆ. ಕೋಲ್ಟ್ರೇನ್ ಬೆಳೆದದ್ದೇ ಆ ಧಾಟಿ ಕೇಳಿಕೊಂಡು. ಅವರ ತಾತಂದಿರಿಬ್ಬರೂ ಚರ್ಚಿನ ಉಪದೇಶಕರು.

'ಇಂಪ್ರೆಷನ್ಸ್' ಸುಮ್ನೆ ಓಡ್ತಾನೇ ಇರುತ್ತೆ. ನಾನು ಎಲ್ಲಿ ಹಿಡ್ಕೋಬೇಕು?

ಮೊದಲು ಅದರ ಚೌಕಟ್ಟು ತಿಳಿದುಕೊಳ್ಳಿ, ಆಮೇಲೆ ದಾರಿ ತಪ್ಪುವುದಿಲ್ಲ. ನಾಲ್ಕು ಎಣಿಕೆಗೆ ಒಂದು ಬಾರ್. ಅಂಥ 32 ಬಾರ್ ಆದರೆ ಒಂದು ಸುತ್ತು. ಅದನ್ನು ಎಂಟೆಂಟಾಗಿ ನಾಲ್ಕು ಪಾಲು ಮಾಡಿ. ಮೊದಲ ಎರಡು ಪಾಲು ಒಂದು ಶ್ರುತಿಯಲ್ಲಿ. ಮೂರನೇ ಪಾಲು ಅರ್ಧ ಮನೆ ಮೇಲೆ. ನಾಲ್ಕನೆಯದು ಮತ್ತೆ ಮೊದಲಿನ ಶ್ರುತಿ. ಅಷ್ಟೇ. ಸುತ್ತು ಮುಗಿದರೆ ಮತ್ತೆ ಶುರು.

ಹಾರ್ಮೋನಿಯಂ ಇರುವವರು ಹೀಗೆ ಮಾಡಿ. ಬಿಳಿ ಎರಡನ್ನು ಷಡ್ಜ ಮಾಡಿಕೊಂಡು ಬರೀ ಬಿಳಿ ಮನೆಗಳಲ್ಲಿ ಮೇಲಕ್ಕೆ ಹೋಗಿ. ಖರಹರಪ್ರಿಯದ ಸ್ವರಗಳು ಬಂದವಲ್ಲ? ಹಾಡಿನ ಮುಕ್ಕಾಲು ಭಾಗ ಆ ಸ್ವರಗಳೇ. ಈಗ ಷಡ್ಜವನ್ನು ಕಪ್ಪು ಎರಡಕ್ಕೆ ಏರಿಸಿ ಅದೇ ಖರಹರಪ್ರಿಯ ನುಡಿಸಿ. ಅದು ಮೂರನೇ ಪಾಲು. ನಡು ಕಚೇರಿಯಲ್ಲಿ ತಂಬೂರಿಯ ಶ್ರುತಿಯನ್ನೇ ಏರಿಸಿ, ಎಂಟು ಆವರ್ತ ಆದ ಮೇಲೆ ಇಳಿಸಿದ ಹಾಗೆ! ಆ ಏರು ಕಿವಿಗೆ ಸಿಕ್ಕಿತು ಅಂದರೆ ಇಡೀ ಹಾಡು ಕೈಗೆ ಸಿಕ್ಕಿದ ಹಾಗೆ.

ಇದೇ ಚೌಕಟ್ಟು 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ರೆಕಾರ್ಡ್ ಮಾಡಿದ 'ಸೋ ವಾಟ್'ನಲ್ಲೂ ಇದೆ. ಅದರಲ್ಲಿ ಟೆನರ್ ನುಡಿಸಿದ್ದು ಕೋಲ್ಟ್ರೇನೇ. ಅಲ್ಲಿ ಸಾವಧಾನ, ಇಲ್ಲಿ ಓಟ. ಇದರಲ್ಲಿ ಗ್ಯಾರಿಸನ್‌ಗೂ ಒಂಟಿಯಾಗಿ ನುಡಿಸಲು ಜಾಗ ಸಿಗುತ್ತದೆ. ಅಲ್ಲಿಯವರೆಗೆ ಗಮನಕ್ಕೇ ಬಾರದಂತೆ ಎಲ್ಲರನ್ನೂ ಹೊತ್ತುಕೊಂಡಿದ್ದ ಮನುಷ್ಯ ಅವರು.

## ಸಂಗೀತ ಕಲಿತವರು ಕೇಳುವುದು

ನಾನು ಮೃದಂಗ ಕಲಿತಿದೀನಿ. ಆದ್ರೂ ಎಲ್ವಿನ್ ಜೋನ್ಸ್ ಸಮ ಎಲ್ಲಿ ಇಡ್ತಾರೆ ಅಂತ ಸಿಗ್ತಾನೇ ಇಲ್ಲ.

ಡ್ರಮ್ಸ್ ಹಿಂದೆ ಹೋದರೆ ಸಿಗುವುದಿಲ್ಲ. ತಾಳ ಅವರು ಹಾಕಿ ತೋರಿಸುವುದಿಲ್ಲ, ತಾಳದ ಸುತ್ತ ನುಡಿಸುತ್ತಾರೆ. 'ಇಂಪ್ರೆಷನ್ಸ್'ನಲ್ಲಿ ಕೋಲ್ಟ್ರೇನ್ ನುಡಿಸುವಾಗ ಗ್ಯಾರಿಸನ್ ಬಾಸ್‌ಗೆ ಕಿವಿ ಕೊಡಿ. ಒಂದು ಎಣಿಕೆಗೆ ಒಂದು ಸ್ವರದಂತೆ ನಡೆದುಕೊಂಡು ಹೋಗುತ್ತದೆ. 'ವಾಕಿಂಗ್ ಬಾಸ್' ಅನ್ನುವುದೇ ಅದಕ್ಕೆ. ಆ ನಡಿಗೆಗೆ ತೊಡೆ ಮೇಲೆ ಕೈ ಹಾಕಿ, ಆಮೇಲೆ ಡ್ರಮ್ಸ್ ಕೇಳಿ.

ಜೋನ್ಸ್ ಕೈಕಾಲು ನಾಲ್ಕೂ ನಾಲ್ಕು ದಾರಿಯಲ್ಲಿ ಹೋಗುತ್ತವೆ. ಬಲಗೈ ಸಿಂಬಲ್ ಮೇಲೆ ಅಲೆ ಎಬ್ಬಿಸುತ್ತಿದ್ದರೆ, ಎಡಗೈ ಮತ್ತು ಬಲಗಾಲು ಸೇರಿ ತಿಶ್ರದ ತುಣುಕುಗಳನ್ನು ಉರುಳಿಸುತ್ತವೆ. ಚತುರಶ್ರದ ಓಟದ ಒಳಗೆ ತಿಶ್ರ ನಡೆ. ಅದೂ ಸಮಕ್ಕೆ ಬಂದು ಬೀಳುವುದಿಲ್ಲ, ಸಮವನ್ನು ದಾಟಿ ಮುಂದೆ ಹೋಗಿ ಇಳಿಯುತ್ತದೆ. ನಾವು ಮುಕ್ತಾಯ ಕೊಟ್ಟು ಸಮಕ್ಕೆ ಬಂದು 'ಆಹಾ' ಅನ್ನಿಸಿಕೊಳ್ಳುತ್ತೇವೆ. ಅವರು ಆ ಬಾಗಿಲು ಮುಚ್ಚುವುದೇ ಇಲ್ಲ. ಇನ್ನೊಂದು ಮಾತು. ಅವರು ತನಿಗೆ ಕಾಯುವುದಿಲ್ಲ. ಕೋಲ್ಟ್ರೇನ್ ನುಡಿಸುವಷ್ಟು ಹೊತ್ತೂ ಅವರದ್ದು ಮಾತುಕತೆ, ಪಕ್ಕವಾದ್ಯ ಅಲ್ಲ. ಮೃದಂಗ ನುಡಿಸುವ ನನ್ನ ಸ್ನೇಹಿತರೊಬ್ಬರು ಹತ್ತು ನಿಮಿಷ ಕೈ ಕಟ್ಟಿ ಕೂತು ನೋಡಿ, "ಇವರು ಇಡೀ ಕಚೇರಿ ತನಿ ನುಡಿಸ್ತಿದ್ದಾರೆ ಕಣೋ" ಅಂದರು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಪಿಯಾನೋ ಒಂಥರಾ ತಂಬೂರಿ ಹಾಗೆ ಕೇಳುತ್ತಲ್ಲ, ಯಾಕೆ?

ಟೈನರ್ ಎಡಗೈ ನೋಡಿ. ತೀರ ಕೆಳಗಿನ ಸ್ವರವನ್ನು, ಅದರ ಪಂಚಮದ ಜೊತೆ, ಗಂಟೆ ಹೊಡೆದ ಹಾಗೆ ಕೆಡವುತ್ತಾರೆ. ಅದು ಕಿವಿಯಲ್ಲಿ ನಿಂತುಬಿಡುತ್ತದೆ. ಷಡ್ಜ ಪಂಚಮ ನಮಗೆ ಹುಟ್ಟಿನಿಂದ ಬಂದ ಜೋಡಿ, ಹಾಗಾಗಿ ತಂಬೂರಿ ನೆನಪಾಗುತ್ತದೆ. ಮೇಲಿನ ಸ್ವರಗುಚ್ಛಗಳನ್ನು ಅವರು ಮೂರನೇ ಸ್ವರದ ಮೇಲೆ ಕಟ್ಟದೆ, ಜಾಸ್ತಿ ಕಡೆ ನಾಲ್ಕನೇ ಸ್ವರದ ಅಂತರದಲ್ಲಿ, ಅಂದರೆ ಷಡ್ಜ ಮಧ್ಯಮದ ಅಂತರದಲ್ಲಿ ಪೇರಿಸುತ್ತಾರೆ. ಅದರಿಂದ ಇದು ದುಃಖ, ಇದು ಸಂತೋಷ ಅಂತ ಪಿಯಾನೋ ಮೊದಲೇ ಹೇಳಿಬಿಡುವುದಿಲ್ಲ. ಕೋಲ್ಟ್ರೇನ್ ಯಾವ ಕಡೆ ಬೇಕಾದರೂ ಹೋಗಬಹುದು.

ಹಾಗಾದ್ರೆ ಕೋಲ್ಟ್ರೇನ್ ನಮ್ಮ ಸಂಗೀತ ಕಲಿತಿದ್ರಾ?

ಗುರುವಿನ ಎದುರು ಕೂತು ಕಲಿತವರಲ್ಲ. ಆದರೆ ಆಸೆಪಟ್ಟು ಕೇಳಿದವರು. ಸಿತಾರ್ ವಾದಕ ರವಿಶಂಕರ್ ಅವರ ರೆಕಾರ್ಡ್‌ಗಳನ್ನು ಕೇಳುತ್ತಿದ್ದರು, ಅವರನ್ನು ಭೇಟಿಯಾಗಿ ರಾಗಗಳ ಬಗ್ಗೆ ಕೇಳಿ ತಿಳಿದುಕೊಂಡರು. 1961ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಜಾಝ್ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ 'ಇಂಡಿಯಾ' ಅನ್ನುವ ಹಾಡನ್ನೇ ನುಡಿಸಿದರು. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತ ಹೆಸರಿಟ್ಟರು, ಆ ಹೆಸರು ರವಿಶಂಕರ್ ಅವರದ್ದೇ. ರವಿ ಕೋಲ್ಟ್ರೇನ್ ಕೂಡ ಈಗ ಹೆಸರಾದ ಸ್ಯಾಕ್ಸೊಫೋನ್ ವಾದಕ.

ಹಾಗಂತ 'ಇದು ನಮ್ಮದೇ' ಅಂತ ಎಳೆದುಕೊಳ್ಳುವುದು ಬೇಡ. ಅವರ ಬೇರು ಕಪ್ಪು ಅಮೆರಿಕನ್ನರ ಹಾಡಿನ ಪ್ರಕಾರವಾದ ಬ್ಲೂಸ್‌ನಲ್ಲಿದೆ, ಚರ್ಚಿನಲ್ಲಿದೆ. ನಮ್ಮ ರಾಗದಲ್ಲಿ ಅವರು ಕಂಡದ್ದು ಒಂದು ದಾರಿ: ಒಂದೇ ಶ್ರುತಿಯ ಮೇಲೆ ನಿಂತು ಎಷ್ಟು ದೂರ ಹೋಗಬಹುದು ಅನ್ನುವುದು.

ಸ್ಯಾಕ್ಸೊಫೋನ್ ಅಂದ್ರೆ ನಮಗೆ ಕದ್ರಿ ಗೋಪಾಲನಾಥ್. ಇವರು ನುಡಿಸೋದು ಯಾಕೆ ಅಷ್ಟು ಬೇರೆ?

ವಾದ್ಯ ಒಂದೇ ಮನೆತನದ್ದು, ಬೇಡುವುದು ಬೇರೆ. ಗೋಪಾಲನಾಥ್ ದಕ್ಷಿಣ ಕನ್ನಡದ ನಾಗಸ್ವರದ ಮನೆಯಿಂದ ಬಂದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮನಸೋತವರು. ಅವರಿಗೆ ಬೇಕಾದದ್ದು ಗಮಕ, ಸ್ವರದಿಂದ ಸ್ವರಕ್ಕೆ ಜಾರುವ ದಾರಿ. ಅದಕ್ಕಾಗಿ ವಾದ್ಯವನ್ನೇ ತಿದ್ದಿಕೊಂಡರು. ಕೋಲ್ಟ್ರೇನ್ ಸ್ವರಗಳು ಮೆಟ್ಟಿಲ ಹಾಗೆ ಬಿಡಿಬಿಡಿಯಾಗಿವೆ, ಆದರೆ ಎಷ್ಟು ವೇಗ ಅಂದರೆ ಕೊನೆಗೆ ಹಾಳೆ ಬಿಚ್ಚಿದ ಹಾಗೆ ಒಂದೇ ಹರವಾಗಿ ಕೇಳುತ್ತವೆ. ದನಿ ಒಡೆಯುವುದು, ಚೀರುವುದು ಅವರಿಗೆ ತಪ್ಪಲ್ಲ. ಅದೂ ಮಾತಿನ ಭಾಗ.

ಎರಡೂ ಕಡೆಯವರು ಒಟ್ಟಿಗೆ ಕೂತದ್ದೂ ಉಂಟು. ಗೋಪಾಲನಾಥ್ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಸೇರಿ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 'ಜ್ಯೋತಿ' ಮಾಡಿದ್ದರು. ಆರ್.ಎ. ರಮಾಮಣಿಯವರ ದನಿ, ಪಕ್ಕದಲ್ಲಿ ಸ್ಯಾಕ್ಸೊಫೋನ್. ಇದನ್ನು ಮಾತ್ರ ತಪ್ಪಿಸಬೇಡಿ.

ಈ ತಂಡದ ಬೇರೆ ವಿಡಿಯೋ ಇದ್ಯಾ? ಯಾವುದು ಮುಂದೆ ನೋಡ್ಲಿ?

1965ರ ಆಗಸ್ಟ್ 1ರಂದು ಬೆಲ್ಜಿಯಂನ ಕೊಂಬ್ಲೆ ಲಾ ತೂರ್‌ನಲ್ಲಿ ಬಯಲಲ್ಲಿ ನುಡಿಸಿದ್ದು. ರಾತ್ರಿಯ ಚಳಿಗೆ ಎಲ್ವಿನ್ ಜೋನ್ಸ್ ಮೈಯಿಂದ ಹಬೆ ಏಳುವುದು ಕಾಣುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ! ಅಷ್ಟು ಹೊತ್ತಿಗೆ ಸಂಗೀತ ತುಂಬಾ ಉಗ್ರವಾಗಿದೆ. ಮೊದಲೇ ಅದಕ್ಕೆ ಹೋಗಬೇಡಿ. 1961ರ ಡಿಸೆಂಬರ್‌ನಲ್ಲಿ ಜರ್ಮನಿಯ ಬಾಡೆನ್ ಬಾಡೆನ್‌ನ ಟಿವಿ ಸ್ಟುಡಿಯೋದ್ದು ಹಗುರ. ಆದರೆ ಅಲ್ಲಿ ಎರಿಕ್ ಡಾಲ್ಫಿ ಸೇರಿ ಐದು ಜನ, ಬಾಸ್‌ನಲ್ಲಿ ರೆಜಿ ವರ್ಕ್‌ಮನ್.

ಆಮೇಲೆ ಈ ನಾಲ್ವರು ಏನಾದ್ರು?

ಸ್ಯಾನ್ ಫ್ರಾನ್ಸಿಸ್ಕೊದ ಆ ದಿನ ಆಗಿ ಒಂದು ವರ್ಷ, ಎರಡು ದಿನಕ್ಕೆ, 1964ರ ಡಿಸೆಂಬರ್ 9ರಂದು, ಇದೇ ನಾಲ್ವರು 'ಎ ಲವ್ ಸುಪ್ರೀಮ್' ಅನ್ನುವ ಆಲ್ಬಮ್ ರೆಕಾರ್ಡ್ ಮಾಡಿದರು. ಆಮೇಲೆ ಕೋಲ್ಟ್ರೇನ್ ಇನ್ನೂ ದೂರದ ದಾರಿ ಹಿಡಿದರು, ತಂಡಕ್ಕೆ ಹೊಸಬರನ್ನು ಕರೆದರು. 1965ರ ಕೊನೆಗೆ ಟೈನರ್ ಬಿಟ್ಟರು. ಆ ಗದ್ದಲದಲ್ಲಿ ತನ್ನ ಪಿಯಾನೋ ತನಗೇ ಕೇಳಿಸುತ್ತಿಲ್ಲ ಅನ್ನುವುದು ಅವರ ಕಾರಣ. ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಬದುಕಿದ್ದ ತಂಡ ಅದು, ಹಾಗಾಗಿ ಆ ಕಾರಣ ನನಗೆ ಅರ್ಥ ಆಗುತ್ತದೆ. 1966ರ ಆರಂಭದಲ್ಲಿ ಜೋನ್ಸ್ ಕೂಡ ಹೊರಟರು. ಗ್ಯಾರಿಸನ್ ಮಾತ್ರ ಕೋಲ್ಟ್ರೇನ್ ಜೊತೆ ಕೊನೆಯವರೆಗೂ ಉಳಿದರು.

ಕೋಲ್ಟ್ರೇನ್ 1967ರ ಜುಲೈ 17ರಂದು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. 40 ವರ್ಷ. ಗ್ಯಾರಿಸನ್ 1976ರಲ್ಲಿ, ಜೋನ್ಸ್ 2004ರಲ್ಲಿ ಹೋದರು. ಪಿಯಾನೋ ಮುಂದೆ ಕೂತ ಆ 24ರ ಹುಡುಗ 81 ವರ್ಷ ಬದುಕಿ, 2020ರ ಮಾರ್ಚ್ 6ರಂದು ಹೋದರು.